ಹತ್ತೊಂಬತ್ತನೇ ತಾರೀಖಿನ ನಾಲ್ವರು

ಹದಿನಾರನೇ ತಾರೀಖು ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಚೀಲದಿಂದ ಮೂರು ಲಕೋಟೆ ತೆಗೆದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸಾಲಾಗಿ ಇಟ್ಟರು. ವಯಸ್ಸು ಅರವತ್ತರ ಮೇಲಿತ್ತು. ದನಿ ಗಟ್ಟಿಯಾಗಿತ್ತು.

"ಇವು ನಮ್ಮಕ್ಕನಿಗೆ ಬಂದಿದ್ದು. ವಾರಕ್ಕೊಂದು. ಮೂರನೇದು ಇವತ್ತು ಬೆಳಿಗ್ಗೆ ಬಂತು."

"ಅಕ್ಕ ಅಂದ್ರೆ ಯಾರು?"

ಆಕೆ ಹೇಳಿದ ಹೆಸರು ಕೇಳಿ ಇನ್‌ಸ್ಪೆಕ್ಟರ್ ನೆಟ್ಟಗೆ ಕೂತರು. ಆ ಗಾಯಕಿಯ ದನಿ ಕೇಳದ ಮನೆ ಊರಲ್ಲಿರಲಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಾಲ್ಕು ವರ್ಷ ಅವರು ಬಾಯಿಬಿಟ್ಟು ಹಾಡಿರಲಿಲ್ಲ. ಇದೇ ಹತ್ತೊಂಬತ್ತರ ಸಂಜೆ ಪುರಭವನದಲ್ಲಿ ಮತ್ತೆ ಹಾಡುತ್ತಾರೆಂದು ಕಂಡಕಂಡ ಗೋಡೆಗೆಲ್ಲ ಭಿತ್ತಿಪತ್ರ ಅಂಟಿಸಿದ್ದರು. ಒಂದನ್ನು ಠಾಣೆಯ ಕಾಂಪೌಂಡಿಗೂ ಅಂಟಿಸಿ ಇನ್‌ಸ್ಪೆಕ್ಟರ್ ಕೈಲಿ ಬೈಸಿಕೊಂಡಿದ್ದರು.

ಮೂರು ಪತ್ರದಲ್ಲೂ ಒಂದೇ ಒಕ್ಕಣೆ, ಒಂದೇ ಅಂದವಾದ ಅಕ್ಷರ. "ಹತ್ತೊಂಬತ್ತರಂದು ಮನೆಯಿಂದ ಹೊರಗೆ ಕಾಲಿಡಬೇಡಿ. ನಿಮ್ಮ ಹೆಸರಿನ ನಾಲ್ವರು ಇದೇ ತಿಂಗಳ ಹತ್ತೊಂಬತ್ತರಂದೇ ತೀರಿಕೊಂಡಿದ್ದಾರೆ. ಚಿತ್ರಕಲಾವಿದೆ. ಸಸ್ಯವಿಜ್ಞಾನಿ. ಈಜುಗಾರ್ತಿ. ಐದನೆಯವರು ನೀವಾಗಬೇಡಿ." ಕೆಳಗೆ ಸಹಿ ಇರಲಿಲ್ಲ.

"ಮೊದಲನೇದನ್ನ ಅಕ್ಕ ನಕ್ಕು ಪಕ್ಕಕ್ಕಿಟ್ಲು," ಎಂದರು ತಂಗಿ. "ಎರಡನೇದು ಬಂದಾಗ ನಗಲಿಲ್ಲ. ಇವತ್ತು ರಿಹರ್ಸಲ್‌ಗೂ ಹೋಗಿಲ್ಲ. ಈ ಸಲ ಹಾಡದೇ ಇದ್ರೆ ಅವಳು ಇನ್ಯಾವತ್ತೂ ಹಾಡಲ್ಲ ಸಾರ್. ನನಗೆ ಗೊತ್ತು."

ಅನಾಮಧೇಯ ಪತ್ರವೆಂದರೆ ಇನ್‌ಸ್ಪೆಕ್ಟರಿಗೆ ಮೊದಲಿನಿಂದಲೂ ಮೈ ಉರಿ. ಎದುರು ನಿಂತು ಬೈಯುವವನನ್ನಾದರೂ ಒಪ್ಪುತ್ತಿದ್ದರು, ಅಂಚೆಪೆಟ್ಟಿಗೆಯ ಹಿಂದೆ ಅವಿತು ಹೆದರಿಸುವವನನ್ನು ಕಂಡರಾಗುತ್ತಿರಲಿಲ್ಲ. ಅದರಲ್ಲೂ ಎಪ್ಪತ್ತು ದಾಟಿದ ಹೆಣ್ಣುಮಗಳನ್ನು. ಹನ್ನೊಂದು ಗಂಟೆ ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

ಪತ್ರಗಳನ್ನು ಮೂರು ಸಲ ಓದಿದವರು ಮಹಿಳಾ ಹೆಡ್ ಕಾನ್‌ಸ್ಟೆಬಲ್. ಔಷಧಿ ಡಬ್ಬಿಯ ಮೇಲಿನ ಇರುವೆಗಾತ್ರದ ಅಕ್ಷರವನ್ನೂ ಬಿಡದೆ ಓದುವ ಆಕೆಗೆ ಠಾಣೆಯವರು ಭೂತಗನ್ನಡಿ ಎಂದು ಹೆಸರಿಟ್ಟಿದ್ದರು.

"ಸಾರ್, ನಾಲ್ವರು ಅಂತಾನೆ, ಹೇಳೋದು ಮೂವರನ್ನೇ. ನಾಲ್ಕನೆಯವರು ಯಾರು?"

"ಎಣಿಸೋಕೆ ಬರದವನಿರಬೇಕು."

"ಅಕ್ಷರ ನೋಡಿದ್ರೆ ಹಾಗೆ ಅನ್ಸಲ್ಲ."

ಹದಿನೇಳರ ಬೆಳಿಗ್ಗೆ ಭೂತಗನ್ನಡಿ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಸರುವಾಸಿಯಾದವರ ಜೀವನಚರಿತ್ರೆಯ ಕೋಶ ಹರಡಿಕೊಂಡು ಕೂತರು. ಮಧ್ಯಾಹ್ನ ಒಂದೂವರೆಗೆ ಒಂದು ಹಾಳೆ ಹಿಡಿದು ಬಂದರು.

"ಗಾಯಕಿಯವರನ್ನ ಬಿಟ್ಟು ಆ ಹೆಸರಿನವರು ಕೋಶದಲ್ಲಿ ಹದಿನಾಲ್ಕು ಜನ ಇದ್ದಾರೆ ಸಾರ್. ಹನ್ನೊಂದು ಜನ ಬೇರೆ ಬೇರೆ ತಿಂಗಳು ತೀರಿಕೊಂಡಿದ್ದಾರೆ. ಇವನು ಹೇಳಿದ ಮೂವರೂ ಇದೇ ತಿಂಗಳಲ್ಲೇ ಹೋಗಿದ್ದು ನಿಜ, ಬೇರೆ ಬೇರೆ ವರ್ಷ. ಆದ್ರೆ ಒಬ್ಬರೂ ಹತ್ತೊಂಬತ್ತಕ್ಕೆ ಹೋಗಿಲ್ಲ."

"ಮತ್ತೆ?"

"ಚಿತ್ರಕಲಾವಿದೆ ಹದಿನೆಂಟು. ಈಜುಗಾರ್ತಿ ಹದಿನೆಂಟು. ಸಸ್ಯವಿಜ್ಞಾನಿ ಪರದೇಶದಲ್ಲಿ ತೀರಿಕೊಂಡಿದ್ದು, ಹದಿನಾರು."

ಇನ್‌ಸ್ಪೆಕ್ಟರ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಸುಳ್ಳು ಹೇಳುವವನಾದರೆ ಒಂದು ಹಿಂದೆ ಒಂದು ಮುಂದೆ ಹೇಳಬೇಕಿತ್ತು. ಇವನು ಮೂವರದ್ದನ್ನೂ ತಡವಾಗಿಯೇ ಹೇಳಿದ್ದ. ಹತ್ತಿರದವರದ್ದು ಒಂದು ದಿನ ತಡ, ದೂರದವರದ್ದು ಮೂರು ದಿನ.

"ಸಾವು ಇವತ್ತು, ಸುದ್ದಿ ನಾಳೆ," ಎಂದರು. "ಈ ಮನುಷ್ಯ ಪೇಪರಿನ ತಾರೀಖು ಹಿಡ್ಕೊಂಡು ಕೂತಿದ್ದಾನೆ. ನಡೀರಿ, ಪೇಪರ್ ಆಫೀಸಿಗೆ."

ಊರಿನ ಹಳೆಯ ಪತ್ರಿಕೆಯ ಕಚೇರಿಯಲ್ಲಿ ಸುದ್ದಿ ತುಣುಕುಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಕಬ್ಬಿಣದ ಬೀರುಗಳು, ಅವುಗಳ ತುಂಬ ಹೆಸರು ಬರೆದ ಕಂದು ಲಕೋಟೆಗಳು. ಪ್ರತಿದಿನದ ಪತ್ರಿಕೆಯಿಂದ ಸುದ್ದಿ ಕತ್ತರಿಸಿ, ತಾರೀಖಿನ ಮೊಹರು ಒತ್ತಿ, ಆಯಾ ಹೆಸರಿನ ಲಕೋಟೆಗೆ ಹಾಕುವುದು ಅಲ್ಲಿಯ ಕೆಲಸ. ಯಾರೂ ಎತ್ತಿಕೊಂಡು ಹೋಗದಿರಲೆಂದು ಕತ್ತರಿಯನ್ನು ಮೇಜಿನ ಕಾಲಿಗೆ ದಾರದಿಂದ ಕಟ್ಟಿದ್ದರು. ಕೋಣೆ ಖಾಲಿಯಿತ್ತು.

ಸಂಪಾದಕರು ತಾವೇ ಬೀರು ತೆರೆದು ಮೂರು ಲಕೋಟೆ ತೆಗೆದರು. ಮೂರೂ ಬರಿದಾಗಿದ್ದವು. ಗಾಯಕಿಯ ಲಕೋಟೆಯನ್ನೂ ತೆಗೆದು ನೋಡಿ ಪೆಚ್ಚಾದರು.

"ಇದರಲ್ಲಿ ಏನಿತ್ತು?"

"ಅದು... ದೊಡ್ಡವರು ತೀರಿಕೊಂಡಾಗ ಹಾಕೋಕೆ ನಾವು ಮೊದಲೇ ಬರೆದಿಟ್ಟಿರ್ತೀವಿ ಸಾರ್. ತಾರೀಖಿನ ಜಾಗ ಮಾತ್ರ ಬಿಟ್ಟಿರ್ತೀವಿ. ಅವರದ್ದೂ ಇತ್ತು."

"ಬದುಕಿರೋವಾಗಲೇ?"

"ಎಲ್ಲ ಪೇಪರ್‌ನವರೂ ಮಾಡ್ತಾರೆ." ಸಂಪಾದಕರ ಮುಖ ಕೆಂಪಾಗಿತ್ತು.

"ಈ ಕೋಣೆ ಯಾರ ಸುಪರ್ದಿನಲ್ಲಿದೆ?"

"ನಮ್ಮ ಕತ್ತರಿಯಣ್ಣನ ಸುಪರ್ದಿನಲ್ಲಿ. ಮೂವತ್ತೊಂದು ವರ್ಷ ಆಯ್ತು. ನಿನ್ನೆಯಿಂದ ರಜೆ ಹಾಕಿದ್ದಾನೆ." ಭೂತಗನ್ನಡಿ ಮುಂದಿಟ್ಟ ಪತ್ರದ ಅಕ್ಷರವನ್ನೂ ತಾರೀಖುಗಳ ಹಾಳೆಯನ್ನೂ ಅವರು ನೋಡಿದರು. "ಇದು ಅವನದ್ದೇ. ಆದ್ರೆ ತಾರೀಖಿನ ಈ ತಪ್ಪು ಅವನು ಮಾಡೋಕೆ ಸಾಧ್ಯವೇ ಇಲ್ಲ ಸಾರ್. ಹೊಸದಾಗಿ ಸೇರಿದವರಿಗೆಲ್ಲ ಅವನು ಹೇಳಿಕೊಡೋ ಮೊದಲನೇ ಪಾಠ ಅದು. ಮೊಹರಿನ ಮೇಲಿರೋದು ಪೇಪರಿನ ತಾರೀಖು, ಸತ್ತವರದ್ದಲ್ಲ ಅಂತ. ನನಗೂ ಅವನೇ ಹೇಳಿಕೊಟ್ಟಿದ್ದು."

"ಮನೇಲಿ ಯಾರಿದ್ದಾರೆ?"

"ಈಗ ಯಾರೂ ಇಲ್ಲ. ಹೆಂಡತಿ ಬಾಣಂತನದಲ್ಲೇ ಹೋದ್ಲು. ಮಗಳನ್ನ ಒಬ್ಬನೇ ಸಾಕಿದ. ತಾಯಿ, ತಂದೆ ಎರಡೂ ಆಗಿ. ಮೂರು ವರ್ಷದ ಹಿಂದೆ ಆ ಹುಡುಗಿ ಬಸ್ಸಿಳಿದು ರಸ್ತೆ ದಾಟುವಾಗ ಲಾರಿ ಬಂದುಬಿಡ್ತು. ಇಪ್ಪತ್ತಾರು ವಯಸ್ಸು."

"ಯಾವತ್ತು?"

"ಇದೇ ತಿಂಗಳು. ಹತ್ತೊಂಬತ್ತು."

"ಹುಡುಗಿಯ ಹೆಸರು?"

ಸಂಪಾದಕರು ಕೈಯಲ್ಲಿದ್ದ ಗಾಯಕಿಯ ಲಕೋಟೆಯನ್ನು ತಿರುಗಿಸಿ, ಅದರ ಮೇಲಿನ ಹೆಸರು ತೋರಿಸಿದರು. ನಾಲ್ಕನೆಯವರು ಯಾರೆಂದು ಇಬ್ಬರು ಪೊಲೀಸರಿಗೂ ಗೊತ್ತಾಯಿತು. ಬೆಳಗಿನಿಂದ ಕಳ್ಳನನ್ನು ಹಿಡಿಯುವ ಹುರುಪಿನಲ್ಲಿದ್ದ ಇನ್‌ಸ್ಪೆಕ್ಟರಿಗೆ ಇದ್ದಕ್ಕಿದ್ದಂತೆ ಈ ಕೇಸೇ ಬೇಡವೆನಿಸಿತು.

ಹದಿನೆಂಟರಂದು ಕತ್ತರಿಯಣ್ಣನ ಮನೆಗೆ ಹೋದರು. ಬಾಗಿಲಿಗೆ ಬೀಗ. ಬಟ್ಟೆಚೀಲ ಹಿಡಿದು ಎರಡು ದಿನದ ಹಿಂದೆ ಹೊರಟವರು ಬಂದಿಲ್ಲವೆಂದು ಪಕ್ಕದ ಮನೆಯಾಕೆ ಹೇಳಿದರು. ಬಸ್ ನಿಲ್ದಾಣ, ಆಸ್ಪತ್ರೆ, ವಸತಿಗೃಹ ಎಲ್ಲ ಜಾಲಾಡಿದರೂ ಸುಳಿವಿಲ್ಲ. ಅಂದು ಸಂಜೆ ಇನ್‌ಸ್ಪೆಕ್ಟರ್ ಗಾಯಕಿಯ ಮನೆಗೇ ಹೋಗಿ, ತಾರೀಖುಗಳ ಹಾಳೆ ಎದುರಿಗಿಟ್ಟು, ಒಂದೊಂದಾಗಿ ಬಿಡಿಸಿ ಹೇಳಿದರು. ಹುಡುಗಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಗಾಯಕಿ ಹಾಳೆಯನ್ನು ಮಡಿಸಿ ವಾಪಸು ಕೊಟ್ಟು, "ಹಾಡ್ತೀನಿ," ಎಂದರು.

ಹತ್ತೊಂಬತ್ತರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಪುರಭವನದ ಕಾರು ಗಾಯಕಿಯ ಮನೆಯ ಮುಂದೆ ನಿಂತಿತು. ಕಾವಲಿಗಿದ್ದ ಕಾನ್‌ಸ್ಟೆಬಲ್ ತಂಬೂರಿ ಎತ್ತಿಕೊಂಡು ಬರಲು ಒಳಗೆ ಹೋಗಿದ್ದ. ಆಮೇಲೆ ಅದಕ್ಕಾಗಿ ಬೈಸಿಕೊಂಡ, ಆ ಮಾತು ಬೇರೆ. ಅವನು ತಂಬೂರಿ ತಂದು ನೋಡಿದರೆ ಗೇಟಿಗೆ ಹೊರಗಿನಿಂದ ಸರಪಳಿ ಸುತ್ತಿ ಹೊಸ ಬೀಗ ಜಡಿದಿತ್ತು. ಗೇಟಿಗೆ ಬೆನ್ನು ಕೊಟ್ಟು ಒಬ್ಬ ಸಣಕಲು ಮನುಷ್ಯ ಕೂತಿದ್ದರು. ಪಕ್ಕದಲ್ಲಿ ಬಟ್ಟೆಚೀಲ, ಮುಷ್ಟಿಯಲ್ಲಿ ಬೀಗದ ಕೈ.

ಐದು ನಿಮಿಷದಲ್ಲಿ ಜೀಪು ಬಂತು. ಅವರು ಓಡಲಿಲ್ಲ.

"ಕೀ ಕೊಡಿ, ಯಜಮಾನರೇ," ಎಂದರು ಇನ್‌ಸ್ಪೆಕ್ಟರ್.

"ನಾಳೆ ಬೆಳಿಗ್ಗೆ ನಾನೇ ತೆಗೀತೀನಿ ಸಾರ್. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಇವತ್ತೊಂದು ದಿನ ಅವರು ರಸ್ತೆಗೆ ಬರೋದು ಬೇಡ."

ಗಾಯಕಿ ಗೇಟಿನ ಆಚೆ ಬಂದು ನಿಂತಿದ್ದರು. ಕಂಬಿಯ ನಡುವಿನಿಂದಲೇ ಕೇಳಿದರು, "ನನ್ನ ಹೆಸರು ನೀವೇ ಇಟ್ರಾ ಮಗಳಿಗೆ?"

ಅವರು ತಿರುಗಿ ನೋಡಿದರು. ಎದ್ದು ನಿಂತರು. "ಹೌದಮ್ಮ. ಅವಳಮ್ಮ ಹೋದ ಮೇಲೆ ಮಗು ಅಳು ನಿಲ್ಲಿಸ್ತಾ ಇದ್ದಿದ್ದು ನಿಮ್ಮ ಹಾಡು ಹಾಕಿದ್ರೆ ಮಾತ್ರ. ನನಗೆ ಹಾಡೋಕೆ ಬರ್ತಿರ್ಲಿಲ್ಲ."

"ಹಾಗಾದ್ರೆ ಹೋಗೋಕೆ ಬಿಡಪ್ಪ. ಅವಳಿಗಾಗಿ ಒಂದು ಹಾಡ್ತೀನಿ."

ಇನ್‌ಸ್ಪೆಕ್ಟರ್ ಚಾಚಿದ ಅಂಗೈಯಲ್ಲಿ ಅವರು ಕೀ ಇಟ್ಟರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕಣ್ಣು ಕೀಳದೆ ನೋಡಿದರು. ಕಾರು ದಾಟುವ ಪ್ರತಿ ವಾಹನಕ್ಕೂ ಅವರ ಭುಜ ಅದುರುತ್ತಿತ್ತು.

ಠಾಣೆಯಲ್ಲಿ ನಾಲ್ಕೂವರೆಗೆ ಹೇಳಿಕೆ ಶುರುವಾಯಿತು.

"ಈ ಹತ್ತೊಂಬತ್ತರ ವಿಷಯ ಯಾವಾಗ ತಲೆಗೆ ಬಂತು?"

"ಮಗಳು ಇರೋವಾಗಲೇ ಸಾರ್. ಲಕೋಟೆ ಜೋಡಿಸುವಾಗ ಮೂರು ಮೊಹರು ಒಂದೇ ತರ ಕಾಣಿಸ್ತು. ಮನೆಗೆ ಬಂದು ತಮಾಷೆಗೆ ಹೇಳಿದೆ. ನಿನ್ನ ಹೆಸರಿನವರಿಗೆ ಈ ದಿನ ಆಗಿಬರಲ್ಲ ಕಣೇ ಅಂತ."

"ಅವಳೇನಂದ್ಲು?"

"ತೀರಿಕೊಂಡ ದಿನ ಬೆಳಿಗ್ಗೆ ಅವಳಿಗೆ ಕೆಲಸಕ್ಕೆ ಹೋಗೋಕೆ ಮನಸ್ಸಿರಲಿಲ್ಲ. ಸ್ವಲ್ಪ ನೆಗಡಿ. 'ಅಪ್ಪಾ, ಇವತ್ತು ಹತ್ತೊಂಬತ್ತು, ನಾನು ಮನೇಲೇ ಇದ್ದುಬಿಡ್ತೀನಿ' ಅಂದ್ಲು. ಸೋಮಾರಿತನಕ್ಕೆ ನೆಪ ಅಂದುಕೊಂಡೆ." ಅವರು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು. "ಅದೆಲ್ಲ ಹೆಸರು ಮಾಡಿದವರಿಗೆ ಕಣೇ, ನೀನೇನು ಹೆಸರು ಮಾಡಿದವಳಾ, ಎದ್ದು ಹೊರಡು ಅಂದೆ."

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು.

"ನಮ್ಮ ಪೇಪರಲ್ಲಿ ಅವಳದ್ದು ಎರಡು ಸಾಲು ಬಂತು. 'ಲಾರಿ ಡಿಕ್ಕಿ: ಯುವತಿ ಸಾವು.' ಹೆಸರು ಹಾಕಿರಲಿಲ್ಲ. ಆಮೇಲೆ ಆ ಮೂರು ಲಕೋಟೆ ತೆಗೆದು ನೋಡ್ತಾ ನೋಡ್ತಾ ಒಂದು ದಿನ ಹೊಳೀತು ಸಾರ್. ನಾನು ಅವಳನ್ನ ಏನೂ ಅಲ್ಲ ಅಂದೆ. ಆ ತಾರೀಖು ಹಾಗನ್ನಲಿಲ್ಲ. ನನ್ನ ಮಗಳನ್ನೂ ಅವರ ಸಾಲಲ್ಲೇ ಕೂರಿಸ್ತು. ಚಿತ್ರಕಲಾವಿದೆ, ಸಸ್ಯವಿಜ್ಞಾನಿ, ಈಜುಗಾರ್ತಿ, ಇವಳು. ಅಷ್ಟು ದೊಡ್ಡವರ ಜೊತೆ ಹೋಗಿದ್ದಾಳೆ ಅಂದುಕೊಂಡ್ರೆ ಊಟ ಸೇರ್ತಿತ್ತು. ಅಮ್ಮಾವರು ಹತ್ತೊಂಬತ್ತಕ್ಕೆ ಹಾಡ್ತಾರೆ ಅಂತ ಗೋಡೆ ಮೇಲೆ ನೋಡಿದೆ. ಒಬ್ಬಳಿಗೆ ಹೊರಡು ಅಂದಿದ್ದೆ. ಇವರಿಗಾದ್ರೂ ಬೇಡ ಅನ್ನೋಣ ಅಂತ ಬರೆದೆ."

ಐದೂವರೆಗೆ ಅವರ ಬಟ್ಟೆಚೀಲದ ಪಂಚನಾಮೆ. ಗಾಯಕಿಯನ್ನು ಪುರಭವನಕ್ಕೆ ಬಿಟ್ಟು ಬಂದ ಕಾರಿನ ಚಾಲಕನೂ ಅವರ ಮನೆಯೆದುರಿನ ಅಂಗಡಿಯವನೂ ಪಂಚರು. ಚೀಲದಲ್ಲಿ ಮೂರು ಸುದ್ದಿ ತುಣುಕುಗಳಿದ್ದವು. ಗಾಯಕಿಗಾಗಿ ಬರೆದಿಟ್ಟಿದ್ದ ಶ್ರದ್ಧಾಂಜಲಿಯೂ ಇತ್ತು, ಯಾರೂ ಅಚ್ಚು ಹಾಕಲಾಗದಂತೆ ಚೂರುಚೂರು ಮಾಡಿದ್ದರು. ಭೂತಗನ್ನಡಿ ತಮ್ಮ ಅಭ್ಯಾಸದಂತೆ ಪ್ರತಿ ತುಣುಕನ್ನೂ ಪೂರ್ತಿ ಓದಿ ಬರೆದುಕೊಂಡಿದ್ದರು.

ಬರೆದದ್ದನ್ನು ಆರೋಪಿಯ ಎದುರು ಓದಿ ಹೇಳಿ ಸಹಿ ಪಡೆಯುವುದು ಆ ಠಾಣೆಯಲ್ಲಿ ತಪ್ಪದೆ ನಡೆದುಬಂದ ಕ್ರಮ. ಇನ್‌ಸ್ಪೆಕ್ಟರಿಗೆ ಅದು ಆಗ ನೆನಪಾಯಿತು. ಮೊಹರಿನ ತಾರೀಖಷ್ಟೇ ಓದಿ ಮುಗಿಸಬಹುದಿತ್ತು. ಭೂತಗನ್ನಡಿಯೂ ಹಾಳೆ ಹಿಡಿದು ಅವರ ಮುಖವನ್ನೇ ನೋಡಿದರು. ನ್ಯಾಯಾಲಯದಲ್ಲಿ ಹೇಗೂ ಹೊರಬರುವ ಮಾತು, ಅಲ್ಲಿ ಪರರ ಬಾಯಲ್ಲಿ ಕೇಳುವುದಕ್ಕಿಂತ ಇಲ್ಲೇ ಕೇಳಲಿ ಎಂದು ಇನ್‌ಸ್ಪೆಕ್ಟರ್ ಅಂದುಕೊಂಡರು. ಅದು ಸರಿಯೋ ತಪ್ಪೋ ಎಂದು ಅವರಿಗೆ ಆಮೇಲೂ ತಿಳಿಯಲಿಲ್ಲ.

"ಓದಿ," ಎಂದರು.

"ಒಂದನೇ ತುಣುಕು. ಮೊಹರು ಹತ್ತೊಂಬತ್ತು. ಒಕ್ಕಣೆ: ಖ್ಯಾತ ಚಿತ್ರಕಲಾವಿದೆ ನಿನ್ನೆ ಮುಂಜಾನೆ ನಿಧನರಾದರು." ಭೂತಗನ್ನಡಿಯ ದನಿ ಇಳಿಯಿತು. "ಎರಡನೇ ತುಣುಕು. ಮೊಹರು ಹತ್ತೊಂಬತ್ತು. ಒಕ್ಕಣೆ: ಮೂರು ದಿನದ ಹಿಂದೆ ಪರದೇಶದಲ್ಲಿ ನಿಧನರಾದ ಸಸ್ಯವಿಜ್ಞಾನಿಯ ಸುದ್ದಿ ತಡವಾಗಿ ತಲುಪಿದೆ. ಮೂರನೇ ತುಣುಕು..."

"ನಿನ್ನೆ ಸಂಜೆ," ಎಂದರು ಕತ್ತರಿಯಣ್ಣ ತಾವೇ. ಆ ಸಾಲನ್ನು ಮೂರು ವರ್ಷದಲ್ಲಿ ನೂರು ಸಲ ಓದಿದ್ದರು. ಈಗಲೇ ಕೇಳಿಸಿಕೊಂಡದ್ದು.

ಅಂಗಡಿಯವನು ತಲೆ ತಗ್ಗಿಸಿದ. ಕತ್ತರಿಯಣ್ಣ ಮೂರೂ ತುಣುಕುಗಳನ್ನು ಹತ್ತಿರಕ್ಕೆಳೆದು, ಒಂದೊಂದರ ಮೊದಲ ಸಾಲಿನ ಮೇಲೂ ಬೆರಳಿಟ್ಟು ನಿಧಾನವಾಗಿ ಓದಿದರು. ಆಮೇಲೆ ಮೂರನ್ನೂ ಅಂಚು ಸರಿ ಮಾಡಿ ಜೋಡಿಸಿಟ್ಟರು.

"ಹಾಗಾದ್ರೆ ಸಾರ್," ಎಂದರು, "ಆ ದಿನ ಹೋದವಳು ಇವಳೊಬ್ಬಳೇನಾ?"

ಇನ್‌ಸ್ಪೆಕ್ಟರ್ ಪಂಚನಾಮೆಯ ಹಾಳೆಯನ್ನು ಅವರ ಕಡೆ ಸರಿಸಿದರು. ಭೂತಗನ್ನಡಿ ಮುಖ ಆಚೆ ತಿರುಗಿಸಿದರು. ಕತ್ತರಿಯಣ್ಣ ಪಂಚನಾಮೆಗೆ ಅದೇ ಅಂದವಾದ ಅಕ್ಷರದಲ್ಲಿ ಸಹಿ ಮಾಡಿ ಅಳಲು ಶುರುಮಾಡಿದರು.

ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ದಸ್ತಗಿರಿ ದಾಖಲಾಯಿತು. ಬೆದರಿಕೆ ಪತ್ರ ಬರೆದದ್ದು, ಅಕ್ರಮವಾಗಿ ಕೂಡಿಹಾಕಿದ್ದು. ಏಳಕ್ಕೆ ಪುರಭವನದಿಂದ ಗಾಯಕಿಯ ತಂಗಿ ಫೋನ್ ಮಾಡಿ, ಅಕ್ಕ ಹಾಡುತ್ತಿದ್ದಾಳೆ, ಜನ ಎದ್ದು ನಿಂತಿದ್ದಾರೆ ಎಂದರು. ದೂರು ವಾಪಸು ಪಡೆಯಬೇಕಾದರೆ ಏನು ಮಾಡಬೇಕೆಂದೂ ಕೇಳಿದರು.

ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದು ಕೃತ್ಯದ ಉದ್ದೇಶ ಬರೆಯಲು ಕೂತರು. ದ್ವೇಷವಿಲ್ಲ, ಲಾಭದ ಆಸೆಯಿಲ್ಲ, ಮಗಳು ತಾನು ಕಳಿಸಿದ್ದರಿಂದಲೇ ಸತ್ತಳೆಂಬ ಸಂಕಟ ಎಂದು ಬರೆದರು. ಓದಿ ನೋಡಿದರೆ ಇಡೀ ಕಡತದಲ್ಲಿ ಆ ಹುಡುಗಿಯ ಹೆಸರೇ ಇರಲಿಲ್ಲ. ಆಕೆ ಫಿರ್ಯಾದಿಯಲ್ಲ, ಸಾಕ್ಷಿಯಲ್ಲ, ಆರೋಪಿಯೂ ಅಲ್ಲ. ಅವರು ಮತ್ತೆ ಪೆನ್ನು ತೆಗೆದುಕೊಂಡು 'ಮಗಳು' ಎಂಬಲ್ಲಿ ಅವಳ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದು, ಮುಂದೆ ವಯಸ್ಸನ್ನೂ ತೀರಿಕೊಂಡ ದಿನವನ್ನೂ ನಮೂದಿಸಿದರು. ತನಿಖೆಗೆ ಅದರ ಅಗತ್ಯವೇನೂ ಇರಲಿಲ್ಲ.