ಕರಿಯನ ಹೆಸರಿನ ಮದ್ದು

ಬೆಳಿಗ್ಗೆ ಒಂಬತ್ತಕ್ಕೆ ಪಶು ಸಂಶೋಧನಾಲಯದ ಡಾಕ್ಟರಮ್ಮ ಠಾಣೆಗೆ ಬಂದು ದೂರು ಕೊಟ್ಟರು. ಫ್ರಿಜ್ಜಿನ ಬೀಗ ಮುರಿದು ಯಾರೋ ಒಂದು ಸೀಸೆ ಕದ್ದಿದ್ದರು. ದರ್ಜಿ ಅಜ್ಜಿಯ ನಾಯಿ ಕರಿಯನ ಕ್ಯಾನ್ಸರಿಗೆ ತಯಾರಿಸಿದ ಲಸಿಕೆ ಅದು.

“ಇನ್ನೊಂದು ಮಾಡಿದ್ರಾಯ್ತು,” ಎಂದ ಪೇದೆ.

“ಕರಿಯನ ಗೆಡ್ಡೆಯಿಂದಲೇ ಮಾಡಿದ್ದಪ್ಪ, ಅವನ ಮೈಗೆ ಆ ರೋಗದ ಗುರುತು ಹಿಡಿಯೋದು ಕಲಿಸೋಕೆ. ಕತ್ತರಿಸಿ ತೆಗೆದ ಗೆಡ್ಡೆ ಅಷ್ಟೇ ಇದ್ದಿದ್ದು, ಪೂರ್ತಿ ಖರ್ಚಾಯ್ತು. ಬೇರೆ ನಾಯಿಗೆ ಅದು ಬರೀ ನೀರು. ಫ್ರಿಜ್ಜಿನಿಂದ ಆಚೆ ಕೆಟ್ಟುಹೋಗುತ್ತೆ, ಸಂಜೆಯೊಳಗೆ ಸಿಗದಿದ್ರೆ ಕರಿಯನಿಗೂ ಇಲ್ಲ.”

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಪಂಚನಾಮೆಗೆ ಹೋದಾಗ ಸಂಶೋಧನಾಲಯದ ಜಗಲಿಯಲ್ಲಿ ಅಜ್ಜಿ ಕರಿಯನ ತಲೆ ಸವರುತ್ತ ಕೂತಿದ್ದಳು.

“ಇವನು ಬೊಗಳಿದ್ರೇನೇ ನನಗೆ ಬೆಳಗಾಗೋದು ಸಾಹೇಬ್ರೇ.”

ಶ್ವಾನದಳದ ಮಿಂಚುವಿಗೆ ಮುರಿದ ಬೀಗವನ್ನು ಮೂಸಿಸಿದರು. ಅದು ಗುರ್ರೆನ್ನಲಿಲ್ಲ, ಬಾಲ ಆಡಿಸುತ್ತ ಹಗ್ಗ ಜಗ್ಗಿತು.

“ಸಾರ್, ಇದು ಕಳ್ಳನ ಹಿಂದೆ ಹೊರಟ ಹಾಗಿಲ್ಲ, ತವರಿಗೆ ಹೊರಟ ಹಾಗಿದೆ,” ಎಂದ ಪೇದೆ.

ಇನ್ಸ್‌ಪೆಕ್ಟರ್ ನಗಲಿಲ್ಲ. ಮಿಂಚುವನ್ನು ಮರಿಯಿಂದ ಸಾಕಿ ಪಳಗಿಸಿದವರು ಯಾರೆಂದು ಅವರಿಗೆ ಗೊತ್ತಿತ್ತು. ತಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಕೈಕೆಳಗೆ ಕಲಿತ ಶ್ವಾನದಳದ ಅಂಗಳ ಕಣ್ಣಿಗೆ ಕಟ್ಟಿತು: ಬಿಸಿಲಿಗೆ ಒಣಗಿಸಿದ ತಟ್ಟೆಗಳ ಸಾಲು, ಒಂದೊಂದರ ಮೇಲೂ ಒಂದೊಂದು ನಾಯಿಯ ಹೆಸರು, ನಡುವೆ ಶಿಳ್ಳೆ ಹಾಕುತ್ತ ಓಡಾಡುವ ಹೆಡ್ ಕಾನ್‌ಸ್ಟೇಬಲ್. ಇಲಾಖೆಗೆಲ್ಲ ಅವರು ನಾಯಿಮಾಮ.

ಮೂರು ಬೀದಿ ದಾಟಿ ಮಿಂಚು ಒಂದು ಹಿತ್ತಲಿಗೆ ನುಗ್ಗಿತು. ನಿವೃತ್ತರಾದ ನಾಯಿಮಾಮನ ಮಡಿಲಲ್ಲಿ ತಲೆಯಿಟ್ಟಿತು. ಪಕ್ಕದ ಗೋಣಿಯ ಮೇಲೆ ಅವರ ಮುದಿ ನಾಯಿ ಗೌರಿ, ಕತ್ತಿನಲ್ಲಿ ಗೆಡ್ಡೆ.

“ಚೆನ್ನಾಗೇ ಕಲಿಸಿದೀನಿ ಇದಕ್ಕೆ,” ಎಂದರು ಮಾಮ.

“ಗೌರೀನ ಸಂಶೋಧನಾಲಯದಲ್ಲಿ ತೋರಿಸಿದ್ರಾ?” ಎಂದರು ಇನ್ಸ್‌ಪೆಕ್ಟರ್.

“ತೋರಿಸಿದೆ. ವಯಸ್ಸಾಗಿದೆ, ಪ್ರಯೋಗಕ್ಕೆ ತಗೊಳ್ಳಲ್ಲ ಅಂದ್ರು.”

“ಸೀಸೆ?”

“ಫ್ಲಾಸ್ಕಲ್ಲಿದೆ. ಐಸ್ ಹಾಕಿಟ್ಟಿದೀನಿ.”

“ಚುಚ್ಚಲಿಲ್ಲ ಯಾಕೆ?”

“ಎಲ್ಲಾ ನಾಯಿಗೂ ಒಂದೇ ಮದ್ದು ಅಂದ್ಕೊಂಡಿದ್ದೆ. ಮನೆಗೆ ಬಂದು ಕನ್ನಡಕ ಹಾಕಿ ನೋಡಿದ್ರೆ ಕರಿಯ ಅಂತ ಬರೆದಿತ್ತು. ಒಂದರ ತಟ್ಟೆಯದು ಇನ್ನೊಂದಕ್ಕೆ ಹಾಕಬೇಡ ಅಂತ ನಿನಗೆ ಹೇಳಿಕೊಟ್ಟೋನು ನಾನೇ ಅಲ್ವೇನಪ್ಪಾ. ಕೈ ಬರಲಿಲ್ಲ. ವಾಪಸ್ ಕೊಡೋಕೆ ಮುಖವೂ ಇರಲಿಲ್ಲ.”

ಮಧ್ಯಾಹ್ನ ಕರಿಯನಿಗೆ ಚುಚ್ಚುಮದ್ದು ಆಯಿತು. ನಾಯಿಮಾಮನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವಾಗ ಅವರು ಗೋಣಿಯ ಕಡೆ ತಿರುಗಿ ನೋಡಿದರು.

ದೇವರು ಅಳೆದುಕೊಟ್ಟ ಆಯುಸ್ಸಿಗೆ ಇನ್ನೊಂದು ಪಾವು ಸೇರಿಸಿಕೊಳ್ಳುವ ಆಸೆ, ಅಷ್ಟೇ ಆ ಅಪರಾಧದ ಮೂಲ. ಸಂಜೆ ಠಾಣೆಯ ಹಿತ್ತಲಲ್ಲಿ ಇನ್ಸ್‌ಪೆಕ್ಟರ್ ಹೊಸ ತಟ್ಟೆಯೊಂದರ ಅಂಚಿಗೆ ಗೌರಿ ಎಂದು ಬರೆದು, ಬಣ್ಣ ಒಣಗುವವರೆಗೆ ಕಾದು, ಅದರಲ್ಲಿ ಊಟ ಕಲಸಿ, ಮಾಮನ ಮನೆಯಿಂದ ಕರೆತಂದ ಮುದಿ ನಾಯಿಯ ಮುಂದಿಟ್ಟರು.