ಒಂದನೇ ಪ್ರತಿವಾದಿ

ಕನ್ನಡಿಯಲ್ಲಿ ಅವನು ಮೂರು ಸಲ ನೋಡಿದ.

ಮೊದಲನೇ ಸಲ ಕದಿರಮ್ಮ ಮುಖ ತಿರುಗಿಸಿದಳು. ಎರಡನೇ ಸಲ ಸೆರಗು ಸರಿಮಾಡಿಕೊಂಡಳು. ಮೂರನೇ ಸಲ, ಏನು ಮಾಡೋದು, ನಗು ಬಂದುಬಿಟ್ಟಿತು.

ಕಲ್ಯಾಣದುರ್ಗದಿಂದ ಹೊರಟ ಸರ್ವೀಸ್ ಜೀಪು ಅದು. ಒಳಗೆ ಹದಿನಾರು ಜನ. ಡ್ರೈವರ್‌ನ ಬಲಗಡೆಗೂ ಒಬ್ಬ ದಪ್ಪ ಮನುಷ್ಯನನ್ನು ತುರುಕಿದ್ದರು. ಆ ಕಡೆಯ ಜೀಪುಗಳಲ್ಲಿ ಅದೇ ರೂಢಿ. ಡ್ರೈವರ್ ಆಂಜಿನಪ್ಪ ಅರ್ಧ ಸೀಟಿನಲ್ಲಿ ಮೈಯನ್ನು ವಾರೆ ಮಾಡಿಕೊಂಡು ಓಡಿಸುತ್ತಿದ್ದ. ಹಾಗೆ ವಾರೆಯಾಗಿ ಕೂತವನಿಗೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನ ಕದಿರಮ್ಮ ಕಾಣುತ್ತಿದ್ದಳು.

ಅವಳು ನಕ್ಕಳು. ಅವನೂ ನಕ್ಕ. ಅಷ್ಟರಲ್ಲಿ ತಿರುವು ಬಂತು.

ಪಲ್ಟಿಯಾದ ಜೀಪಿನಡಿ ಅವಳ ಬಲಗೈ ಸಿಕ್ಕಿಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಆ ಕೈಯಲ್ಲಿ ತೋರುಬೆರಳು ಇರಲಿಲ್ಲ. ಹೆಬ್ಬೆರಳು ಇತ್ತು, ಬಗ್ಗುತ್ತಿರಲಿಲ್ಲ.

ಇದು ತೊಂಬತ್ತೈದರ ಜನವರಿ. ಕದಿರಮ್ಮನಿಗೆ ಇಪ್ಪತ್ತೊಂದು. ಹಿಂದೂಪುರದಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಹುಡುಗಿ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಸೇರಿಸಬೇಕು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದು ಹೊಸೆತ, ಅಷ್ಟೇ. ಹಾಗೆ ಸಾವಿರಾರು ಎಳೆ. ಆ ಬೀದಿಯಲ್ಲಿ ಕದಿರಮ್ಮನಷ್ಟು ಬೇಗ ಸೇರಿಸುವವರು ಇರಲಿಲ್ಲ. ಅಕ್ಕಪಕ್ಕದ ಮನೆಯವರು ಕರೆಯಲು ಬಂದು ಕಾದು ಕೂರುತ್ತಿದ್ದರು.

ಈಗ ಯಾರೂ ಬರುತ್ತಿರಲಿಲ್ಲ.

"ಕೇಸ್ ಹಾಕ್ತೀನಿ," ಅಂದಳು ಕದಿರಮ್ಮ, ಲಾಯರು ಸರ್ವಮಂಗಳಮ್ಮನ ಮುಂದೆ ಕೂತು.

"ಹಾಕಾನ ಕಣಮ್ಮ. ಈಗ ಕಾನೂನು ಬದಲಾಗೈತೆ. ಆಕ್ಸಿಡೆಂಟ್ ಆದ ಕಡೇನೇ ಹಾಕ್ಬೇಕು ಅಂತೇನಿಲ್ಲ. ನೀನಿರೋ ಊರ್ನಾಗೂ ಹಾಕ್ಬೋದು."

"ಹಂಗಾರೆ ಇಲ್ಲೇ ಹಾಕಿ. ಅವ್ನೇ ಬಸ್ ಹತ್ಕೊಂಡು ಬರ್ಲಿ. ಪ್ರತಿ ವಾಯಿದಾಕ್ಕೂ ಬಂದು ನಿಂತ್ಕೊಳ್ಲಿ. ನಾನು ಕೂತ್ಕೊಂಡು ನೋಡ್ಬೇಕು."

ಸರ್ವಮಂಗಳಮ್ಮ ಕನ್ನಡಕದ ಮೇಲಿಂದ ನೋಡಿದರು. "ನಿಂಗೆ ಪರಿಹಾರ ಬೇಕೋ, ಸೇಡು ಬೇಕೋ?"

"ಎರಡ್ರಾಗೆ ಒಂದೇ ಕೊಡ್ತಾರೆ ಅಂದ್ರೆ ಸೇಡೇ ಕೊಡ್ಸಿ ಲಾಯರಮ್ಮ."

ಒಂದನೇ ಪ್ರತಿವಾದಿ ಆಂಜಿನಪ್ಪ. ಎರಡನೇ ಪ್ರತಿವಾದಿ ಜೀಪಿನ ಓನರ್ ಗೋವಿಂದಪ್ಪ. ಮೂರನೆಯದು ಇನ್ಶೂರೆನ್ಸ್ ಕಂಪನಿ. 'ಬಾಡಿಗೆಗೆ ಜನ ತುಂಬಿದ ಜೀಪು, ನಮಗೆ ಸಂಬಂಧ ಇಲ್ಲ' ಅಂತ ಕಂಪನಿಯವರು ಕೈ ತೊಳೆದುಕೊಂಡರು. ಗೋವಿಂದಪ್ಪ ತನ್ನ ಲಾಯರನ್ನು ಕಳಿಸಿ ಮನೆಯಲ್ಲಿರುತ್ತಿದ್ದ. ತಪ್ಪದೆ ಬರುತ್ತಿದ್ದವನು ಆಂಜಿನಪ್ಪ ಒಬ್ಬನೇ.

ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೇ ಹೊರಟು, ರೊದ್ದಂ ದಾಟಿ, ಮೈಯೆಲ್ಲ ಧೂಳಾಗಿ ಬರುತ್ತಿದ್ದ. ಕೋರ್ಟಿನ ವೆರಾಂಡದಲ್ಲಿ ಬೆಂಚು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಕದಿರಮ್ಮ ಎದುರಿನ ಬೆಂಚಿನಲ್ಲಿ ಕೂತು, ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ನೋಡಲಿ ಅಂತ.

ಅವನು ನೋಡುತ್ತಲೇ ಇರಲಿಲ್ಲ! ಬರೀ ನೆಲ ನೋಡುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆವತ್ತು ಮೂರು ಸಲ ನೋಡಿದ ಕಣ್ಣು ಈಗ ಎಲ್ಲಿಗೆ ಹೋಯಿತು?

ಐದನೇ ವಾಯಿದಾಕ್ಕೆ ತಡೆಯಲಾಗಲಿಲ್ಲ. ಎದ್ದು ಹೋಗಿ ಎದುರಿಗೆ ನಿಂತಳು.

"ಏನ್ಲಾ, ನೆಲದಾಗೆ ಏನ್ ಬರ್ದೈತೆ?"

"ಏನಿಲ್ಲ."

"ಮತ್ತೆ ಕತ್ತೆತ್ತು."

"ಎತ್ತಲ್ಲ."

"ಯಾಕೆ?"

"ಒಂದ್ಸಲ ಎತ್ತಿದ್ದು ಸಾಕಾಗ್ಲಿಲ್ವಾ ನಿಂಗೆ?"

ಅವಳು ಬಂದು ಬೆಂಚಿನಲ್ಲಿ ಕೂತಳು. ಎದೆ ಹೊಡೆದುಕೊಳ್ಳುತ್ತಿತ್ತು. ಕೋಪಕ್ಕೇ ಅಂದುಕೊಂಡಳು.

ಆಮೇಲಿನ ವಾಯಿದಾಗಳಿಗೆ ಅವಳು ಮಲ್ಲಿಗೆ ಮುಡಿದುಕೊಂಡು ಹೊರಡತೊಡಗಿದಳು. ತಾಯಿ ವೀರಭದ್ರಮ್ಮ ಮಗ್ಗದಿಂದಲೇ ಕೂಗಿದಳು, "ಕೋರ್ಟ್‌ಗೆ ಯಾರಾದ್ರೂ ಹೂ ಮುಡ್ಕೊಂಡ್ ಹೋಯ್ತಾರೇನೇ?"

"ಅವನ್ನ ಸುಡೋಕೆ ಹೋಯ್ತಿದೀನಿ ಕಣಮ್ಮ. ಚೆನ್ನಾಗೇ ಹೋಯ್ತೀನಿ."

ಎರಡು ವರ್ಷ ಹೀಗೇ ಕಳೆದು, ಸಾಕ್ಷಿಯ ದಿನ ಬಂತು.

ಅವಳು ಮೊದಲು ಕಟಕಟೆ ಹತ್ತಿದಳು. ಡಾಕ್ಟರ್ ಸರ್ಟಿಫಿಕೇಟಿನಲ್ಲಿ ಶೇಕಡ ಇಪ್ಪತ್ತು ಊನ ಅಂತ ಬರೆದಿತ್ತು. "ನೂರರಾಗೆ ಎಂಬತ್ತು ಚೆನ್ನಾಗೇ ಐತಲ್ಲ," ಅಂದರು ಗೋವಿಂದಪ್ಪನ ಲಾಯರು. ಸರ್ವಮಂಗಳಮ್ಮ ರೇಷ್ಮೆಯ ಎರಡು ಎಳೆ ತೆಗೆದು ಅವಳ ಕೈಗೆ ಕೊಟ್ಟು, "ಸೇರ್ಸಮ್ಮ" ಅಂದರು.

ಒಂದು ಎಳೆ ಜಾರಿತು. ಬಗ್ಗಿ ಎತ್ತಿಕೊಂಡಳು. ಮತ್ತೆ ಜಾರಿತು. ನಾಲ್ಕನೇ ಸಲಕ್ಕೆ ಜಡ್ಜೇ, "ಚಾಲಮ್ಮಾ, ಸಾಕು" ಅಂದರು. ಕದಿರಮ್ಮ ತಲೆಯೆತ್ತಿ ಆಂಜಿನಪ್ಪನನ್ನು ಹುಡುಕಿದಳು. ಅವನು ನೋಡುತ್ತಿದ್ದ. ಕಣ್ಣು ಕೆಂಪಾಗಿತ್ತು. ಇದಕ್ಕೇ ತಾನೇ ಕಾದಿದ್ದು? ಆದರೂ ಯಾಕೋ ಖುಷಿಯಾಗಲಿಲ್ಲ.

ಆಗ ಗೋವಿಂದಪ್ಪನ ಲಾಯರು ಮೆತ್ತಗೆ ಕೇಳಿದರು, "ಏನಮ್ಮಾ, ಜೀಪಿನಾಗೆ ಡ್ರೈವರ್ನ ನೋಡಿ ನಗಾಡ್ತಿದ್ಯಂತೆ? ಅವನ ಗ್ಯಾನ ಕೆಡ್ಸಿದ್ದು ನೀನೇ ಅಲ್ವಾ?"

ಕೋರ್ಟ್ ಹಾಲಿನಲ್ಲಿ ಅರ್ಧ ನೇಕಾರರ ಬೀದಿಯೇ ಕೂತಿತ್ತು. ಹೌದು ಅಂದರೆ ಕೇಸೂ ಹೋಯಿತು, ಮಾನವೂ ಹೋಯಿತು.

"ಇಲ್ಲ," ಅಂದಳು.

"ಡ್ರೈವರ್ನೇ ಕೇಳಾನ ಬಿಡಿ," ಅಂತ ಲಾಯರು ನಕ್ಕರು. ಅವತ್ತು ಗೋವಿಂದಪ್ಪನೂ ಬಂದಿದ್ದ, ಬಿಳಿ ಪಂಚೆ ಉಟ್ಟು. ಬಾಗಿಲ ಹತ್ತಿರ ಆಂಜಿನಪ್ಪನ ಹೆಗಲ ಮೇಲೆ ಕೈಹಾಕಿ ಅವನು ಹೇಳುತ್ತಿದ್ದದ್ದು ಇಳಿದು ಬಂದು ಬೆಂಚಿನಲ್ಲಿ ಕೂತ ಕದಿರಮ್ಮನಿಗೂ ಕೇಳಿಸಿತು: "ಅವ್ಳೇ ಕಣ್ಣು ಹಾಕಿದ್ಲು ಅಂತ ಒಂದ್ ಮಾತು ಹೇಳ್ಬುಡ್ಲಾ. ಹೊಸ ಜೀಪ್ ನಿಂಗೇ ಕೊಡ್ತೀನಿ."

ಆಂಜಿನಪ್ಪ ಕಟಕಟೆ ಹತ್ತಿದ. ಎರಡು ವರ್ಷ ಅವಳು ಅವನನ್ನು ಕೋರ್ಟಿನಲ್ಲಿ ನಿಲ್ಲಿಸಿದ್ದಾಳೆ. ಈಗ ಅವನ ಸರದಿ. ಅವಳನ್ನು ಮುಗಿಸಲು ಅವನಿಗೆ ನಿಜ ಒಂದೇ ಸಾಕಿತ್ತು.

"ಆ ತಿರುವಿನಾಗೆ ನೀನು ಕನ್ನಡಿ ನೋಡ್ತಿದ್ದೆ, ಅಲ್ವೇನಪ್ಪಾ?"

"ಹೌದು ಸ್ವಾಮಿ."

"ಕನ್ನಡಿಯಾಗೆ ಯಾರ್ನ ನೋಡ್ತಿದ್ದೆ?"

"ನನ್ನೇ ಸ್ವಾಮಿ."

"ಏನು?"

"ನನ್ ಮುಖಾನೇ. ಅವತ್ತು ಹೊಸದಾಗಿ ಕ್ರಾಪು ಹೊಡ್ಸಿದ್ದೆ. ಚೆನ್ನಾಗ್ ಕಾಣ್ತಿದೀನಾ ಅಂತ ನೋಡ್ಕೊಂತಿದ್ದೆ. ಹದಿನಾರ್ ಜನ ತುಂಬು ಅಂದಿದ್ದು ಗೋವಿಂದಪ್ಪನವ್ರು. ತುಂಬಿದ್ದು ನಾನು. ರಸ್ತೆ ಬಿಟ್ಟು ನನ್ ಮುಖ ನೋಡ್ಕೊಂಡಿದ್ದೂ ನಾನೇ. ಆಯಮ್ಮಂದು ಏನೂ ತಪ್ಪಿಲ್ಲ."

ಹಾಲಿನಲ್ಲಿ ನಗುವೋ ನಗು. ಜಡ್ಜು ಮೇಜು ತಟ್ಟಿದರು. ಗೋವಿಂದಪ್ಪನ ಮುಖ ಸುಣ್ಣವಾಯಿತು. ಹಿಂದಿನಿಂದ ಯಾರೋ, "ಅಬ್ಬೋ, ಏಮಿ ಅಂದಗಾಡಪ್ಪಾ!" ಅಂತ ಅವನ ಅಂದವನ್ನು ತೆಲುಗಿನಲ್ಲಿ ಆಡಿಕೊಂಡು ಕೂಗಿದರು. ಆಂಜಿನಪ್ಪ ಆ ನಗುವಿನ ನಡುವೆ ಕೈಕಟ್ಟಿಕೊಂಡು ನಿಂತೇ ಇದ್ದ.

"ಗೆದ್ವಿ ಕಣೇ," ಅಂತ ಸರ್ವಮಂಗಳಮ್ಮ ಅವಳ ತೋಳು ಹಿಸುಕಿದರು.

ಕದಿರಮ್ಮನಿಗೆ ಮಾತ್ರ ಯಾರೋ ಕೈಯಿಂದ ಏನನ್ನೋ ಕಿತ್ತುಕೊಂಡಂತಾಗಿತ್ತು.

ಹೊರಗೆ ಗೋವಿಂದಪ್ಪ ಅವನನ್ನು ಬಾಯಿಗೆ ಬಂದ ಹಾಗೆ ಬೈದು, ಇನ್ನು ಜೀಪಿನ ಕಡೆ ತಲೆ ಹಾಕಬೇಡ ಅಂದು ಹೊರಟುಹೋದ. ಆಂಜಿನಪ್ಪ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಅವಳು ಬಿರುಗಾಳಿಯ ಹಾಗೆ ಬಂದಳು.

"ಯಾಕ್ಲಾ ಸುಳ್ ಹೇಳ್ದೆ?"

"ನೀನೂ ಹೇಳಿದ್ಯಲ್ಲ."

"ನಾನು ಸೇಡ್ ತೀರಿಸ್ಕೊಳೋಕೆ ಹೇಳ್ದೆ!"

"ನಾನೂ ಅದಕ್ಕೇ ಹೇಳಿದ್ದು. ನಿನ್ ಸೇಡು ತೀರ್ಲಿ ಅಂತ."

"ತೀರ್ಲಿಲ್ಲ." ಅವಳು ಇನ್ನೂ ಹತ್ತಿರ ಬಂದಳು. "ನಾನು ನಕ್ಕೆ ಕಣೋ. ನಕ್ಕಿದ್ದಕ್ಕೇ ನೀನು ತಿರುವು ನೋಡ್ಲಿಲ್ಲ. ಅದ್ನ ನುಂಗಾಕೆ ಆಗ್ದೆ ಎಲ್ಲಾನೂ ನಿನ್ ಮೇಲೆ ಹಾಕ್ದೆ."

ಆಂಜಿನಪ್ಪ ಮುಖ ಒರೆಸಿಕೊಳ್ಳುವುದನ್ನೂ ಮರೆತ. "ಸ್ಟೇರಿಂಗ್ ನನ್ ಕೈಯಾಗಿತ್ತು ಕದ್ರೀ. ನೀನು ನಕ್ಕಿದ್ದು ತಪ್ಪಲ್ಲ. ಅಷ್ಟ್ ಚೆಂದ ನಕ್ಕಿದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು."

ಕದ್ರೀ! ಎಷ್ಟು ಧೈರ್ಯ ಇವನಿಗೆ! ಎಡಗೈಯಿಂದ ನೀರು ತುಂಬಿಕೊಂಡು ಅವನ ಮುಖಕ್ಕೆ ಎರಚಿದಳು. ಅವನು ತಪ್ಪಿಸಿಕೊಳ್ಳಲಿಲ್ಲ. ನೀರು ಇಳಿಯುವ ರೆಪ್ಪೆಗಳ ನಡುವಿನಿಂದ ಅವಳನ್ನೇ ನೋಡುತ್ತಿದ್ದ.

"ಪ್ರತಿ ವಾಯಿದಾಕ್ಕೂ ಬರ್ತಿದ್ಯಲ್ಲ, ಲಾಯರಿದ್ರೆ ಸಾಕು ಅಂತ ಯಾರೂ ಹೇಳ್ಲಿಲ್ವಾ?"

"ಹೇಳಿದ್ರು."

"ಮತ್ತೆ?"

"ನೀನು ಬರ್ತಿದ್ಯಲ್ಲ."

ಅವಳು ಸೆರಗಿನ ತುದಿ ಕಚ್ಚಿಕೊಂಡಳು. ಆಮೇಲೆ ಅಂದಳು, "ನಡಿ ಮನೆಗೆ. ನಮ್ಮಮ್ಮನ ಮುಂದೆ ನಿಜ ಹೇಳು."

"ಹೊಡೀತಾರೆ."

"ಹೊಡೀತಾಳೆ. ಹೊಡಿಸ್ಕೋ. ಆಮೇಲೆ ಮುದ್ದೆ ಇಕ್ತೀನಿ."

ವೀರಭದ್ರಮ್ಮ ಕಾಲಿಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯಿಂದ ತಲೆಯೆತ್ತಿ ನೋಡಿದಳು. ಮುಖ ಗೊತ್ತಿತ್ತು, ಆಸ್ಪತ್ರೆಯ ಬಾಗಿಲಲ್ಲಿ ಮೂರು ದಿನ ನಿಂತಿದ್ದವನು, ಅವಳು ಕಲ್ಲು ಹೊಡೆದು ಓಡಿಸಿದ್ದವನು. ಅವನು ಹೊಸಿಲ ಹೊರಗೆ ನಿಂತು ಎಲ್ಲಾ ಹೇಳಿದ, ಕನ್ನಡಿಯದ್ದೂ, ಮೂರು ಸಲದ್ದೂ. ಆದರೆ ಅವಳು ನಕ್ಕಿದ್ದನ್ನು ಬಿಟ್ಟುಬಿಟ್ಟ.

"ನಾನೂ ನಕ್ಕೆ ಕಣಮ್ಮ," ಅಂದಳು ಕದಿರಮ್ಮ, ಅವನ ಪಕ್ಕಕ್ಕೆ ಬಂದು ನಿಂತು.

ವೀರಭದ್ರಮ್ಮ ಮಗಳನ್ನು ನೋಡಿದಳು. ಅವನನ್ನು ನೋಡಿದಳು. ಮೂಲೆಯ ಪರಕೆ ಎತ್ತಿಕೊಂಡು ಬಂದಳು. ಒಂದು ಬಿತ್ತು. ಎರಡು ಬಿತ್ತು. ಅವನು ಕದಲಲಿಲ್ಲ.

ಮೂರನೆಯದಕ್ಕೆ ಕದಿರಮ್ಮನ ಬಲಗೈ ಅಡ್ಡ ಬಂತು. ಬೆರಳಿಲ್ಲದ ಆ ಕೈಗೆ ತಾಗದಂತೆ ಪರಕೆ ಗಾಳಿಯಲ್ಲೇ ನಿಂತಿತು.

"ಸಾಕು ಬಿಡಮ್ಮ," ಅಂದಳು. "ಉಳಿದಿದ್ದು ನಂದು."