ಹದಿನೈದನೇ ಸಾಲು

ಮಸ್ಕಿಯಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಹೋದ ಮೇ ತಿಂಗಳ ಒಂದು ಮಧ್ಯಾಹ್ನ ಲಿಂಗಸುಗೂರಿನ ಅಂಬಪ್ಪ ಮಾಸ್ತರು ಹಳೆಯ ಕಂಪ್ಯೂಟರೊಂದನ್ನು ತಂದರು. ಮಗಳು ಭಾರತಿಗೆ ಚಿಕ್ಕಂದಿನಲ್ಲಿ ಅದರಲ್ಲೇ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಕಲಿಸಿದ್ದರು. ಆಕೆ ತೀರಿಕೊಂಡು ವರ್ಷವಾಗಿತ್ತು.

ರಿಪೇರಿ ಮಾಡಿ ಟಿವಿಗೆ ಜೋಡಿಸಿದೆ. ಅಂಗಡಿಯ ತಗಡು ಸುಡುತ್ತಿತ್ತು, ಕೀಲಿಮಣೆ ಮಾತ್ರ ತಣ್ಣಗಿತ್ತು. ಮಾಸ್ತರು ಹತ್ತು, ಇಪ್ಪತ್ತು ಎಂದು ಸಂಖ್ಯೆ ಹಾಕಿ ಎರಡು ಸಾಲು ಬರೆದರು.

"ನಡುವ ಜಾಗ ಬಿಡಬೇಕ್ರೀ, ಮರೆತದ್ದು ಆಮ್ಯಾಲೆ ಸೇರಸಾಕ."

ಬರೆದದ್ದನ್ನು ತೋರಿಸಲು ಹೇಳಿದಾಗ ತೆರೆಯ ಮೇಲೆ ಎರಡರ ಬದಲು ಮೂರು ಸಾಲು ಬಂದವು. ನಡುವೆ ಹದಿನೈದು ಎಂಬ ಸಂಖ್ಯೆಯ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "ಅಪ್ಪಾ, ಉಂಡ್ಯಾ?" ಎಂದಿತ್ತು.

"ಉಂಡೀನವ್ವಾ," ಎಂದು ಮಾಸ್ತರು ಅತ್ತರು.

ಆಫ್ ಮಾಡಿದರೆ ಬರೆದದ್ದೆಲ್ಲ ಅಳಿಸಿಹೋಗುವ ಯಂತ್ರವದು. ನಾನೇ ಆಫ್ ಮಾಡಿ, ಮತ್ತೆ ಹಚ್ಚಿ, ಅವೇ ಎರಡು ಸಾಲು ಬರೆದೆ. ಮತ್ತೆ ಮೂರು ಬಂದವು. ನಡುವಿನದು ಈಗ, "ಸುಳ್ಳು ಹೇಳಬ್ಯಾಡ."

"ಮುಂಜಾನಿಂದ ಏನೂ ತಿಂದಿಲ್ರೀ," ಎಂದರು ಮಾಸ್ತರು.